ಮನೆಯ ಕೋವಿ: ಹಲಗಲಿ, ಕೊಡಗು ಮತ್ತು ಆಯುಧ ಕಾಯಿದೆಯ ಒಂದೂವರೆ ಶತಮಾನ

ನಡುರಾತ್ರಿಯಲ್ಲಿ ಕಳ್ಳನು ಮನೆಯ ಗೋಡೆಗೆ ಕನ್ನವಿಕ್ಕುತ್ತಿರುವಾಗ ಎಚ್ಚೆತ್ತ ಯಜಮಾನನು ಏನು ಮಾಡಬಹುದು? ಪ್ರಶ್ನೆ ಹಳೆಯದು. ಆದರೆ ನಮ್ಮ ದೇಶದಲ್ಲಿ ಅದಕ್ಕೆ ಲಿಖಿತವಾದ ಉತ್ತರ ದೊರೆತದ್ದು ಆಂಗ್ಲರ ಆಳಿಕೆಯಲ್ಲಿ, ಅದೂ ಕೆಲವೇ ವರ್ಷಗಳ ಅಂತರದಲ್ಲಿ, ಒಂದಕ್ಕೊಂದು ಹೊಂದದ ಎರಡು ರೀತಿಗಳಲ್ಲಿ. 1857ರಲ್ಲಿ ಬಂದ ಒಂದು ಕಾಯಿದೆ ಆ ಯಜಮಾನನ ಕೈಯಲ್ಲಿದ್ದ ಕೋವಿಯನ್ನು ಕಸಿದುಕೊಳ್ಳಲು ಹೊರಟಿತು. 1860ರಲ್ಲಿ ಬಂದ ಇನ್ನೊಂದು ಕಾಯಿದೆ, ರಾತ್ರಿಯ ವೇಳೆ ಕನ್ನ ಹಾಕಿ ಒಳನುಗ್ಗುವವನನ್ನು ಅಗತ್ಯಬಿದ್ದರೆ ಕೊಲ್ಲುವವರೆಗೂ ಆತನಿಗೆ ಹಕ್ಕುಂಟೆಂದು ಸಾರಿತು. ಹಕ್ಕನ್ನು ಕೊಟ್ಟು ಸಾಧನವನ್ನು ಕಿತ್ತುಕೊಂಡ ಈ ವಿಚಿತ್ರ ಸನ್ನಿವೇಶದ ಅತ್ಯಂತ ದಾರುಣವಾದ ಅಧ್ಯಾಯವೂ, ಅತ್ಯಂತ ವಿಲಕ್ಷಣವಾದ ಅಪವಾದವೂ ಕನ್ನಡ ನಾಡಿನಲ್ಲಿಯೇ ನಡೆದುವು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವ ರೂಢಿ ನಮ್ಮ ಚರಿತ್ರೆಯ ಬರವಣಿಗೆಯಲ್ಲಿ ಅಷ್ಟಾಗಿ ಇಲ್ಲವಾದ್ದರಿಂದ ಪ್ರಸ್ತುತ ಲೇಖನದಲ್ಲಿ ಆ ಪ್ರಯತ್ನವನ್ನು ಮಾಡಿದ್ದೇನೆ.

ಮೊದಲು ಶಬ್ದದ ಮಾತು. ಮುಂಬಯಿ ಕರ್ನಾಟಕದಲ್ಲಿ ಬೆಳೆದ ನನ್ನಂಥವರಿಗೆ 'ಬಂದೂಕು' ಪರಿಚಿತ. ಅದು ಅರಬ್ಬೀ ಪಾರಸಿಗಳ ಹಾದಿಯಿಂದ ಬಂದುದು. 'ತುಪಾಕಿ' ತುರ್ಕಿಯ ಮೂಲದ್ದು. ಕೊಡವರ 'ತೋಕ್' ಅದರ ಸವೆದ ರೂಪವೆಂದು ತೋರುತ್ತದೆ. ಮಲೆನಾಡು ಕರಾವಳಿಗಳ 'ಕೋವಿ'ಯೊಂದೇ ಅಚ್ಚ ದೇಶ್ಯ. ಕೊಳವೆ ಎಂಬುದು ಅದರ ಹಳೆಯ ಅರ್ಥ. ಹೊರಗಿನಿಂದ ಬಂದ ವಸ್ತುವಿಗೆ ಮನೆಯ ಹೆಸರನ್ನು ಇಟ್ಟ ಪ್ರದೇಶಗಳಲ್ಲಿಯೇ ಅದು ಮನೆಯ ವಸ್ತುವಾಗಿಯೂ ಉಳಿಯಿತೆಂಬುದು ಆಕಸ್ಮಿಕವಿರಲಾರದು ಎಂದು ನನ್ನ ಊಹೆ. ಊಹೆಗೆ ಹೆಚ್ಚಿನ ಬೆಲೆಯನ್ನು ವಾಚಕರು ಕೊಡಬೇಕಾಗಿಲ್ಲ.

ಪೋಲೀಸ್ ಎಂಬ ವ್ಯವಸ್ಥೆ ಬರುವುದಕ್ಕೆ ಮುಂಚೆ ಮನೆಯ ರಕ್ಷಣೆ ಎಂಬುದು ಊರಿನ ರಕ್ಷಣೆಯಿಂದ ಬೇರೆಯಾಗಿರಲಿಲ್ಲ. ಬಿಜಾಪುರ, ಧಾರವಾಡ, ಬೆಳಗಾವಿಗಳ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಅಲ್ಲಲ್ಲಿ ನಿಂತಿರುವ ಹುಡೇವುಗಳನ್ನು ನೋಡಿದವರಿಗೆ ಇದು ಗೊತ್ತಾಗುತ್ತದೆ. ಪಿಂಡಾರಿಗಳ ದಂಡು ಬರುತ್ತಿದೆಯೆಂದು ತಿಳಿದೊಡನೆ ಹೆಂಗಸರು ಮಕ್ಕಳು ಕಾಳುಕಡಿಗಳೊಡನೆ ಆ ದುಂಡನೆಯ ಬುರುಜಿನೊಳಗೆ ಸೇರುವುದು, ಗಂಡಸರು ಗೋಡೆಯ ಕಿಂಡಿಗಳಿಂದ ಗುಂಡು ಹಾರಿಸುವುದು, ಇದು ಹತ್ತೊಂಬತ್ತನೆಯ ಶತಮಾನದ ಆರಂಭದವರೆಗಿನ ಪದ್ಧತಿ. 1817-18ರಲ್ಲಿ ಪಿಂಡಾರಿಗಳ ಹಾವಳಿ ಅಡಗಿತು. ಆದರೆ ಅಡಗಿಸಿದವರ ಮೇಲಿನ ನಂಬಿಕೆ ಹಳ್ಳಿಗರಲ್ಲಿ ಒಮ್ಮೆಲೇ ಹುಟ್ಟಲಿಲ್ಲ. ತಳವಾರ, ವಾಲೀಕಾರ, ಶೇತಸನದಿ ಮೊದಲಾದವರು ಇನಾಮು ಭೂಮಿಯನ್ನು ಉಂಡು ಊರನ್ನು ಕಾಯುತ್ತಿದ್ದರು. ಸಂಗೊಳ್ಳಿ ರಾಯಣ್ಣನೂ ಶೇತಸನದಿಯೇ. ಇಂಥವರಿಗೆ ಆಯುಧವೆಂಬುದು ಆಸ್ತಿ, ವೃತ್ತಿಯ ಉಪಕರಣ, ಮಾನದ ಗುರುತು, ಮೂರೂ ಆಗಿತ್ತು. ಒಕ್ಕಲಿಗನ ಕೈಯ ಕುಂಟೆಯನ್ನು ಸರಕಾರಕ್ಕೆ ಒಪ್ಪಿಸೆಂದರೆ ಏನಾಗುವುದೋ ಅದೇ ಇವರ ಕೈಯ ಬಂದೂಕನ್ನು ಕೇಳಿದಾಗಲೂ ಆಯಿತು.

ಉತ್ತರ ಹಿಂದೂಸ್ಥಾನದಲ್ಲಿ ದಂಗೆ ಉರಿಯುತ್ತಿದ್ದಾಗ, 1857ರ ಸೆಪ್ಟಂಬರಿನಲ್ಲಿ, ಆ ವರ್ಷದ 28ನೆಯ ಆಕ್ಟು ಜಾರಿಗೆ ಬಂದಿತು. ಆಯುಧಗಳನ್ನು ತರಿಸುವುದು, ತಯಾರಿಸುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲವನ್ನೂ ಅದು ಸರಕಾರದ ಅಂಕೆಗೆ ಒಳಪಡಿಸಿತು. ಜನರ ಬಾಯಲ್ಲಿ ಇದೇ ನಿಶ್ಶಸ್ತ್ರೀಕರಣದ ಕಾಯಿದೆ. ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೂ ಅದರ ಆಜ್ಞೆ ಬಂದಿತು. ಸಂಸ್ಥಾನದ ಹಲಗಲಿ ಎಂಬ ಪುಟ್ಟ ಹಳ್ಳಿಯ ಬೇಡರು ಆಯುಧಗಳನ್ನು ಒಪ್ಪಿಸುವುದಿಲ್ಲವೆಂದರು. ಸುತ್ತಲಿನ ಹಳ್ಳಿಗಳಿಂದಲೂ ಜನ ಅಲ್ಲಿಗೆ ಬಂದು ಸೇರಿದರು. ನವೆಂಬರ್ ತಿಂಗಳ ಕೊನೆಯ ದಿನಗಳಲ್ಲಿ ಆಂಗ್ಲರ ಕುದುರೆಪಡೆ ಊರನ್ನು ಸುತ್ತುವರಿಯಿತು. ಬೇಡರು ಮನೆಗಳೊಳಗಿನಿಂದ ಗುಂಡು ಹಾರಿಸಿದರು. ಅವರನ್ನು ಹೊರಡಿಸಲು ಪಡೆಯವರು ಊರಿಗೇ ಬೆಂಕಿಯಿಟ್ಟರು. ಹಲವರು ಸತ್ತರು, ಇನ್ನೂ ಹಲವರು ಸೆರೆಸಿಕ್ಕರು. ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಒಟ್ಟು 19 ಜನರನ್ನು ಗಲ್ಲಿಗೇರಿಸಲಾಯಿತು.

ಈ ಕಥೆಯನ್ನು ಉಳಿಸಿದ್ದು ಸರಕಾರದ ದಫ್ತರವಷ್ಟೇ ಅಲ್ಲ, ಲಾವಣಿ. ಜೆ. ಎಫ್. ಫ್ಲೀಟರು ಅದನ್ನು ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದರು. ಶಾಸನಗಳ ಮಹಾಪಂಡಿತನಾದ ಆಂಗ್ಲ ಅಧಿಕಾರಿಯೊಬ್ಬ ತನ್ನದೇ ಸರಕಾರದ ಕ್ರೌರ್ಯದ ಹಾಡನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡನೆಂಬುದು ಸಣ್ಣ ಮಾತಲ್ಲ. ಆ ಲಾವಣಿಯಲ್ಲಿ ನನ್ನನ್ನು ಬಹಳವಾಗಿ ತಟ್ಟುವ ಭಾಗ ಯುದ್ಧದ ವರ್ಣನೆಯಲ್ಲ, ಸೂರೆಯ ವರ್ಣನೆ. ಬಂಗಾರ ಬೆಳ್ಳಿಗಳಿಂದ ಹಿಡಿದು ಉಪ್ಪು ಎಣ್ಣೆಗಳವರೆಗೆ ಮನೆಯೊಳಗಿನಿಂದ ಹೋದ ಪ್ರತಿಯೊಂದು ವಸ್ತುವನ್ನೂ ಹಾಡುಗಾರನು ಎಣಿಸುತ್ತಾನೆ. ಬೇಡರ ಹಟಕ್ಕೆ ಕಾರಣ ರಾಜಕೀಯವೇ, ಸ್ವಾತಂತ್ರ್ಯಾಕಾಂಕ್ಷೆಯೇ, ಜಾತಿಯ ಅಭಿಮಾನವೇ ಎಂದು ಚರಿತ್ರಕಾರರು ಚರ್ಚಿಸುತ್ತಾರೆ. ಹಾಡುಗಾರನಿಗೆ ಆ ಚರ್ಚೆ ಬೇಕಿಲ್ಲ. ಆಯುಧ ಹೋದರೆ ಮನೆ ಹೋಯಿತೆಂದು ಬೇಡರು ಅಂಜಿದ್ದರು. ಅವರು ಅಂಜಿದಂತೆಯೇ ಆಯಿತು. ಮರುವರ್ಷ ನರಗುಂದದ ಬಾಬಾಸಾಹೇಬನೂ ಮುಂಡರಗಿಯ ಭೀಮರಾಯನೂ ಎದ್ದುದರಲ್ಲಿ ಬೇರೆ ಕಾರಣಗಳಿದ್ದರೂ, ಎರಡು ಕಡೆಗಳಲ್ಲಿಯೂ ಆಯುಧಗಳನ್ನು ಒಪ್ಪಿಸುವ ಪ್ರಶ್ನೆ ಬೆರೆತುಕೊಂಡಿತ್ತು. ಆ ವಿಷಯ ಬೇರೆಯ ಲೇಖನಕ್ಕೆ ತಕ್ಕುದು.

ಇನ್ನು ಕೊಡಗಿಗೆ ಬರೋಣ. ಹಲಗಲಿ ಬೆಂದು ಮೂರು ವರ್ಷ ಮೂರು ತಿಂಗಳಾಗಿತ್ತು. 1861ರ ಫೆಬ್ರುವರಿ 26ರಂದು ಮಡಿಕೇರಿಯಿಂದ ಮೈಸೂರು ಮತ್ತು ಕೊಡಗುಗಳ ಕಮಿಷನರ್ ಮಾರ್ಕ್ ಕಬ್ಬನ್ ಒಂದು ಪ್ರಕಟನೆಯನ್ನು ಹೊರಡಿಸಿದನು. ಕೊಡವರ ಶೌರ್ಯವನ್ನೂ ರಾಜನಿಷ್ಠೆಯನ್ನೂ ಸರಕಾರಕ್ಕೆ ಅವರು ಸಲ್ಲಿಸಿದ ಸೇವೆಯನ್ನೂ ಹೊಗಳಿ, ನಿಶ್ಶಸ್ತ್ರೀಕರಣ ಕಾಯಿದೆ ಅವರಿಗೆ ಅನ್ವಯಿಸದೆಂದು ಅದು ಸಾರಿತು. ಕಬ್ಬನ್ ಅದೇ ವರ್ಷ ಸ್ವದೇಶಕ್ಕೆ ಹೋಗುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡನು. ಅವನು ಬಿಟ್ಟುಹೋದ ಆ ಪ್ರಕಟನೆ ಮಾತ್ರ ರೂಪಾಂತರಗಳನ್ನು ಹೊಂದುತ್ತ ಇಂದಿಗೂ ಜೀವಂತವಾಗಿದೆ.

ಇಲ್ಲಿ ಹೇಳಿದ 'ಸೇವೆ' ಯಾವುದು? 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿಯು ಕೊಡಗನ್ನು ತೆಗೆದುಕೊಂಡಿತು. 1837ರಲ್ಲಿ ಸುಳ್ಯ, ಪುತ್ತೂರುಗಳ ಕಡೆಯಿಂದ ಎದ್ದು ಮಂಗಳೂರಿನವರೆಗೆ ಹೋದ ರೈತರ ದಂಗೆಯನ್ನು, ಅಂದರೆ ಇಂದು ನಾವು ಅಭಿಮಾನದಿಂದ ಸ್ಮರಿಸುವ ಅಮರಸುಳ್ಯದ ಹೋರಾಟವನ್ನು, ಅಡಗಿಸುವುದರಲ್ಲಿ ಕೊಡವ ಪ್ರಮುಖರು ಕಂಪನಿಗೆ ನೆರವಾದರು, ಪದಕಗಳನ್ನು ಪಡೆದರು. 1857ರಲ್ಲಿಯೂ ಕೊಡಗು ಶಾಂತವಾಗಿಯೇ ಇದ್ದಿತು. ಆದುದರಿಂದ ಕೊಡಗಿನ ವಿನಾಯಿತಿಯ ಹುಟ್ಟಿನಲ್ಲಿ ನಿಷ್ಠೆಗೆ ಕೊಟ್ಟ ಬಹುಮಾನದ ಅಂಶವಿದೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬೇಡನ ಬಂದೂಕಿಗೂ ಕೊಡವನ ಕೋವಿಗೂ ಇದ್ದ ವ್ಯತ್ಯಾಸ ಗುರಿಕಾರಿಕೆಯಲ್ಲಿ ಇರಲಿಲ್ಲ, ಕಳ್ಳಕಾಕರ ಭಯದಲ್ಲಿಯೂ ಇರಲಿಲ್ಲ. ಸರಕಾರವು ಯಾರನ್ನು ನಂಬುತ್ತಿತ್ತು ಎಂಬುದರಲ್ಲಿ ಇದ್ದಿತು. ಕೊಡಗಿನ ಮಿತ್ರರು ಈ ಮಾತಿಗೆ ಮುನಿಯಬಾರದು. ನಿಷ್ಠೆಯನ್ನು ಗಮನಿಸಿ ಕೊಟ್ಟುದನ್ನು ಅವರ ಹಿರಿಯರು ಸಂಸ್ಕೃತಿಯ ಭಾಗವನ್ನಾಗಿ ಬಾಳಿಸಿದರೆಂಬುದೂ ಅಷ್ಟೇ ನಿಜ.

ಹಾಗೆ ನೋಡಿದರೆ ಕೋವಿ ಕೊಡವ ಒಕ್ಕದ ಬಾಳಿನೊಳಗೆ ಕಬ್ಬನ್ನನ ಪ್ರಕಟನೆಗಿಂತ ಮುಂಚೆಯೇ ಬೆರೆತುಹೋಗಿತ್ತು. ಗಂಡುಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಎರಡು ಗುಂಡು. ಗುಡ್ಡದಿಂದ ಗುಡ್ಡಕ್ಕೆ ಚದುರಿಕೊಂಡಿರುವ ಮನೆಗಳ ನಾಡಿನಲ್ಲಿ ಇದಕ್ಕಿಂತ ವೇಗವಾದ ಸುದ್ದಿಯ ಸಾಧನ ಇರಲಿಲ್ಲ. ಸೆಪ್ಟಂಬರಿನ ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಹೂವಿಟ್ಟು ಪೂಜಿಸುತ್ತಾರೆ. ಆ ಕಾಲದಲ್ಲಿ ಅರಳುವ ಗೌರಿಹೂವಿಗೆ ಅಲ್ಲಿ 'ತೋಕ್ ಪೂ' ಎಂದೇ ಹೆಸರು. ಹುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡು ಹಾರುತ್ತದೆ. ಸರಕಾರವು ವಿನಾಯಿತಿಯನ್ನು ಕೊಡವರಿಗಷ್ಟೇ ಅಲ್ಲದೆ ಜಮ್ಮಾ ಹಿಡುವಳಿದಾರರಿಗೂ ವಿಸ್ತರಿಸಿತು. ಸೈನಿಕ ಸೇವೆಗೆ ಪ್ರತಿಯಾಗಿ ಕಡಿಮೆ ಕಂದಾಯದಲ್ಲಿ ವಂಶಪಾರಂಪರ್ಯವಾಗಿ ನಡೆದುಬರುವ ಭೂಮಿ ಜಮ್ಮಾ. ಅದನ್ನು ಹಿಡಿದವರಲ್ಲಿ ಗೌಡರೇ ಮೊದಲಾದ ಬೇರೆ ಸಮಾಜದವರೂ ಇದ್ದಾರೆ.

ಹನ್ನೆರಡು ವರ್ಷಗಳ ಹಿಂದೆ ನಾನು ಕೊಡಗಿನ ಒಂದು ಶಾಖೆಗೆ ವರ್ಗವಾಗಿ ಹೋಗಿದ್ದೆನು. ಕಾಫಿ ತೋಟದ ಸಾಲದ ತಪಾಸಣೆಗೆಂದು ಒಮ್ಮೆ ಒಂದು ಐನ್‌ಮನೆಗೆ ಹೋದಾಗ ನೆಲ್ಲಕ್ಕಿ ನಡುಬಾಡೆಯ ಗೋಡೆಯ ಮೇಲೆ ಜೋಡುನಳಿಗೆಯ ಕೋವಿಯನ್ನು ಕಂಡೆನು. ಮನೆಯ ಹಿರಿಯರನ್ನು ಕುತೂಹಲದಿಂದ ಕೇಳಿದೆನು: "ಅಜ್ಜಯ್ಯ, ಇಷ್ಟು ಒಂಟಿಯಾದ ಮನೆ, ಕಳ್ಳರ ಭಯಕ್ಕೆ ಇದು ಬೇಕೇ ಬೇಕಲ್ಲವೆ?" ಅವರು ನಕ್ಕರು. "ಕಳ್ಳನಿಗೆ ನಾಯಿ ಸಾಕು ಮ್ಯಾನೇಜರೇ. ಕೋವಿ ಇಲ್ಲಿದೆ, ತೋಟಾ ಒಳಗಿನ ಪೆಟ್ಟಿಗೆಯಲ್ಲಿದೆ, ಪೆಟ್ಟಿಗೆಯ ಬೀಗದ ಕೈ ನನ್ನ ಸೊಸೆಯ ಹತ್ತಿರ ಇದೆ. ನಾನು ಎಲ್ಲವನ್ನೂ ಹುಡುಕಿ ಕೋವಿಗೆ ತುಂಬುವ ಹೊತ್ತಿಗೆ ಕಳ್ಳ ಮೈಸೂರು ತಲಪಿರುತ್ತಾನೆ. ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ ನೋಡಿ."

ಆಯುಧದಿಂದ ಗೃಹರಕ್ಷಣೆ ಎಂಬ ವಾದವನ್ನು ಕೇಳಿದಾಗಲೆಲ್ಲ ನನಗೆ ಆ ಹಿರಿಯರ ಪೆಟ್ಟಿಗೆಯ ನೆನಪಾಗುತ್ತದೆ. ಮಕ್ಕಳಿಂದ ಸುರಕ್ಷಿತವಾಗಿಟ್ಟ ಕೋವಿ ಕಳ್ಳನಿಗೆ ಒದಗುವುದಿಲ್ಲ. ಕಳ್ಳನಿಗೆ ಒದಗುವಂತೆ ತುಂಬಿ ತಲೆದಸೆಯಲ್ಲಿಟ್ಟ ಕೋವಿ ಮಕ್ಕಳಿಂದ ಸುರಕ್ಷಿತವಲ್ಲ. ಕಾಯಿದೆ ಮಾಡುವವರೂ ಅದನ್ನು ವಿರೋಧಿಸುವವರೂ ಈ ಇಕ್ಕಟ್ಟನ್ನು ಬಗೆಹರಿಸಿದಂತೆ ಕಾಣುವುದಿಲ್ಲ.

ಈಗ ಹಕ್ಕಿನ ಮಾತು. ಮೆಕಾಲೆಯ ಆಯೋಗವು 1837ರಲ್ಲಿ ಸಿದ್ಧಪಡಿಸಿದ ಕರಡಿನಿಂದ ಬೆಳೆದ ಭಾರತೀಯ ದಂಡಸಂಹಿತೆ 1860ರಲ್ಲಿ ಅಂಗೀಕೃತವಾಗಿ 1862ರ ಜನವರಿ 1ರಂದು ಜಾರಿಗೆ ಬಂದಿತು. ಅದರ 96ರಿಂದ 106ರವರೆಗಿನ ಕಲಮುಗಳು ಆತ್ಮರಕ್ಷಣೆಗೆ ಮೀಸಲು. ತನ್ನ ದೇಹವನ್ನಷ್ಟೇ ಅಲ್ಲ, ಪರರ ದೇಹವನ್ನೂ ತನ್ನ ಹಾಗೂ ಪರರ ಸ್ವತ್ತನ್ನೂ ಕಾಯುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ದರೋಡೆ, ರಾತ್ರಿಯ ಕನ್ನಗಳ್ಳತನ, ವಾಸದ ಮನೆಗೆ ಬೆಂಕಿಯಿಡುವುದು, ಪ್ರಾಣಕ್ಕೆ ಅಥವಾ ಮೈಗೆ ತೀವ್ರ ಅಪಾಯವಾದೀತೆಂಬ ಸಕಾರಣವಾದ ಭಯವನ್ನು ಹುಟ್ಟಿಸುವಂಥ ಕಳ್ಳತನ ಅಥವಾ ಮನೆಯ ಅತಿಕ್ರಮ, ಈ ಸಂದರ್ಭಗಳಲ್ಲಿ ಸ್ವತ್ತಿನ ರಕ್ಷಣೆಗಾಗಿ ಕೊಲ್ಲುವವರೆಗೂ ಹೋಗಬಹುದೆಂದು 103ನೆಯ ಕಲಮು ಹೇಳಿತು. ಆದರೆ 99ನೆಯ ಕಲಮು ಇದಕ್ಕೆ ಕಡಿವಾಣ ಹಾಕಿತು: ಸರಕಾರದ ನೆರವನ್ನು ಪಡೆಯಲು ಸಮಯವಿದ್ದರೆ ಹಕ್ಕಿಲ್ಲ, ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿ ಇವು ಹೆಚ್ಚು ಕಡಿಮೆ ಹಾಗೆಯೇ ಉಳಿದಿವೆ. 'ರಾತ್ರಿ' ಎಂಬುದು 'ಸೂರ್ಯಾಸ್ತದ ತರುವಾಯ, ಸೂರ್ಯೋದಯಕ್ಕೆ ಮುಂಚೆ' ಎಂದಾಗಿದೆ.

ಈ ಕಡಿವಾಣದ ಅರ್ಥವನ್ನು ಸ್ಪಷ್ಟಪಡಿಸಿದ ನಿರ್ಣಯಗಳಲ್ಲಿ 1962ರ ಜಯದೇವ್ ಪ್ರಕರಣ ಮುಖ್ಯವಾದುದು. ಪಂಜಾಬಿನ ಒಂದು ಹಳ್ಳಿಯ ಹೊಲದ ಜಗಳ. ಹೊಲ ಹಿಡಿದವರ ಕೈಯಲ್ಲಿ ಬಂದೂಕು. ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರರು. ಮನೆತನದ ಹೆಸರು ನಮ್ಮ ಗಜೇಂದ್ರಗಡದ್ದು. ಅಪಾಯದ ನಡುವೆ ಇರುವವನು ತನ್ನ ಪ್ರತಿಯೊಂದು ಏಟನ್ನೂ ಕರಾರುವಾಕ್ಕಾಗಿ ಅಳೆದು ಹೊಡೆಯಲೆಂದು ನ್ಯಾಯಾಲಯ ಅಪೇಕ್ಷಿಸಲಾರದೆಂದು ಅವರು ಒಪ್ಪಿದರು. ಆದರೆ ಮೇಲೆ ಬಿದ್ದವರು ಬೆನ್ನು ತಿರುಗಿಸಿ ಓಡತೊಡಗಿದ ಮೇಲೆ ಅಪಾಯ ಮುಗಿಯಿತು, ಹಕ್ಕೂ ಮುಗಿಯಿತು. ಓಡುವವರ ಮೇಲೆ ಹಾರಿಸಿದ ಗುಂಡು ರಕ್ಷಣೆಯಲ್ಲ, ಕೊಲೆ. ಅಪರಾಧಿಗಳೆಂಬ ನಿರ್ಣಯವನ್ನು ಅವರು ಎತ್ತಿಹಿಡಿದರು. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ದಾಳಿಗೆ ಒಳಗಾದವನು ಹೇಡಿಯಂತೆ ಓಡಿಹೋಗಬೇಕಾಗಿಲ್ಲವೆಂದು ಹೇಳಿತು. ಎರಡು ತೀರ್ಪುಗಳನ್ನೂ ಜೊತೆಗಿಟ್ಟುಕೊಂಡು ಓದಬೇಕು.

ಸಾಧನದ ಕಥೆ ಬೇರೆ ದಾರಿ ಹಿಡಿಯಿತು. 1878ರಲ್ಲಿ, ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟಿದ ವರ್ಷವೇ, ಲಾರ್ಡ್ ಲಿಟ್ಟನ್ನನ ಸರಕಾರ ಆಯುಧ ಕಾಯಿದೆಯನ್ನು ತಂದಿತು. ಯುರೋಪಿಯನರಿಗೆ ಲೈಸೆನ್ಸು ಬೇಡ, ಭಾರತೀಯರಿಗೆ ಬೇಕು. ಕಾಂಗ್ರೆಸ್ಸು ತನ್ನ ಮೊದಲ ವರ್ಷಗಳಿಂದಲೇ ಇದನ್ನು ಅವಮಾನವೆಂದು ಬಗೆದು ಠರಾವುಗಳನ್ನು ಮಾಡುತ್ತ ಬಂದಿತು. ಅಹಿಂಸೆಯ ಪ್ರವರ್ತಕರಾದ ಗಾಂಧೀಜಿಯವರೇ 1930ರ ಜನವರಿಯಲ್ಲಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಜನರ ಹತೋಟಿಗೆ ಒಳಪಟ್ಟು ಆತ್ಮರಕ್ಷಣೆಗಾಗಿ ಆಯುಧದ ಲೈಸೆನ್ಸು ಕೊಡಬೇಕೆಂಬುದು ಒಂದಾಗಿತ್ತು. ಉಪ್ಪಿನ ಬೇಡಿಕೆ ಎಲ್ಲರಿಗೂ ನೆನಪಿದೆ, ಇದು ಮರೆತುಹೋಗಿದೆ. 1931ರ ಕರಾಚಿ ಠರಾವು ನಿಯಮಗಳಿಗೆ ಒಳಪಟ್ಟ ಆಯುಧಧಾರಣೆಯನ್ನು ಪ್ರತಿಯೊಬ್ಬ ನಾಗರಿಕನ ಹಕ್ಕುಗಳಲ್ಲಿ ಎಣಿಸಿತು.

ಈ ಪೂರ್ವಚರಿತ್ರೆಯನ್ನು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ತಂದವರು ಹರಿ ವಿಷ್ಣು ಕಾಮತರು. ಮಂಗಳೂರಿನಲ್ಲಿ 1907ರಲ್ಲಿ ಹುಟ್ಟಿ, ಐ. ಸಿ. ಎಸ್. ಅಧಿಕಾರಿಯಾಗಿ, ಅದನ್ನು ತೊರೆದು ಸುಭಾಷರೊಡನೆ ಸೇರಿ, ಮಧ್ಯಪ್ರಾಂತದಿಂದ ಸಭೆಗೆ ಬಂದಿದ್ದ ಈ ಪ್ರವಾಸಿ ಕನ್ನಡಿಗರನ್ನು ನಮ್ಮ ಸಂಘಗಳು ಇನ್ನಷ್ಟು ನೆನೆಯಬೇಕಾಗಿತ್ತು. ಮೂಲಭೂತ ಹಕ್ಕುಗಳಲ್ಲಿ ಆಯುಧವನ್ನು ಇಟ್ಟುಕೊಳ್ಳುವ ಹಕ್ಕನ್ನೂ ಸೇರಿಸಬೇಕೆಂದು ಅವರು ತಿದ್ದುಪಡಿಯನ್ನು ಮಂಡಿಸಿದರು. ಡಾ. ಅಂಬೇಡ್ಕರರು ಕೊಟ್ಟ ಉತ್ತರ ಗಂಭೀರವಾಗಿದೆ. ಕಾಂಗ್ರೆಸ್ಸು ಇದನ್ನು ಕೇಳುತ್ತಿದ್ದುದು ಚರಿತ್ರೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಪರಕೀಯ ಸರಕಾರವು ಪ್ರಜೆಗಳಿಗೆ ಅಂಜಿ ಆಯುಧವನ್ನು ನಿರಾಕರಿಸುತ್ತಿದ್ದ ಸನ್ನಿವೇಶ ಈಗಿಲ್ಲ. ಪ್ರತಿಯೊಬ್ಬನೂ ಪೇಟೆಗೆ ಹೋಗಿ ಅಡ್ಡಿಯಿಲ್ಲದೆ ಆಯುಧಗಳನ್ನು ಕೊಳ್ಳುವಂತಾದರೆ ರಾಜ್ಯಾಡಳಿತ ಹೇಗೆ ನಡೆದೀತು ಎಂಬುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು. ದೇಶವಿಭಜನೆಯ ರಕ್ತಪಾತ ಕಣ್ಣಮುಂದೆಯೇ ಇದ್ದ ಆ ವರ್ಷದಲ್ಲಿ ಬೇರೆ ನಿರ್ಣಯ ಸಾಧ್ಯವಿತ್ತೆಂದು ನನಗೆ ತೋರುವುದಿಲ್ಲ. ಆದರೂ ಕಾಮತರ ಪ್ರಶ್ನೆ ಅಪ್ರಸ್ತುತವಾಗಿರಲಿಲ್ಲ: ಸ್ವರಾಜ್ಯ ಬಂದ ಮೇಲೆ ನಂಬಿಕೆಯ ಅಳತೆಗೋಲು ಬದಲಾಗುವುದೋ ಇಲ್ಲವೋ?

1959ರ ಆಯುಧ ಕಾಯಿದೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಅದರ 13ನೆಯ ಕಲಮಿನಲ್ಲಿ ಸಾಮಾನ್ಯ ಗೃಹಸ್ಥನಿಗೆ ಒಂದು ಬಾಗಿಲನ್ನು ತೆರೆದಿಟ್ಟಿದ್ದಾರೆ: ರಕ್ಷಣೆಗೆ ಅಥವಾ ಬೇಟೆ ಮೊದಲಾದ ವಿನೋದಕ್ಕೆ ಬೇಕಾದ, ಕನಿಷ್ಠ 20 ಅಂಗುಲ ನಳಿಗೆಯ ನುಣುಪುನಳಿಗೆ ಕೋವಿಗೂ, ಬೆಳೆಯ ರಕ್ಷಣೆಗೆಂದು ಬಾಯಿಂದ ಮದ್ದು ತುಂಬುವ ಕೋವಿಗೂ ಲೈಸೆನ್ಸು ಕೊಡತಕ್ಕದ್ದು. ಮಲೆನಾಡಿನ ರೈತನ ಮನೆಯ ಕೇಪಿನ ಕೋವಿ ಬಹುಮಟ್ಟಿಗೆ ಈ ಎರಡನೆಯ ಬಗೆಯದು. ಹಂದಿಯೂ ಮಂಗವೂ ಅದರ ವೈರಿಗಳು, ಕಳ್ಳನಲ್ಲ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ರಸೀತಿ ಪಡೆದು ಬರುವ ರೈತನ ಗೊಣಗಾಟವನ್ನು ನಾನು ನನ್ನ ಶಾಖೆಯ ಕಟಕಟೆಯ ಹಿಂದಿನಿಂದ ಅನೇಕ ಸಲ ಕೇಳಿದ್ದೇನೆ. 1983ರಲ್ಲಿ ಒಬ್ಬನಿಗೆ ಮೂರು ಆಯುಧಗಳ ಮಿತಿ ಬಂದಿತು; 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು.

ಕೊಡಗಿನ ಅಪವಾದ ಹೊಸ ಕಾಯಿದೆಯಲ್ಲಿಯೂ ಮುಂದುವರಿಯಿತು. 1956ರಲ್ಲಿ ಕೊಡಗು ಮೈಸೂರು ರಾಜ್ಯದ ಜಿಲ್ಲೆಯಾಗಿತ್ತು. 1963ರ ಕೇಂದ್ರ ಸರಕಾರದ ಪ್ರಕಟನೆ, 41ನೆಯ ಕಲಮಿನ ಅಧಿಕಾರದಿಂದ, ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ನೀಡಿತು. ಆದರೆ ಇದು ಅಂಕೆಯಿಲ್ಲದ ಸ್ವಾತಂತ್ರ್ಯವೇನೂ ಅಲ್ಲ. ಜಿಲ್ಲಾಡಳಿತದಿಂದ ವಿನಾಯಿತಿ ಪತ್ರವನ್ನು ಪಡೆಯಬೇಕು. 2019ರ ಅಕ್ಟೋಬರಿನಲ್ಲಿ ಈ ವಿನಾಯಿತಿಯನ್ನು ಹತ್ತು ವರ್ಷಗಳ ಅವಧಿಗೆ, 2029ರ ಅಕ್ಟೋಬರ್ 31ರವರೆಗೆ, ಮುಂದುವರಿಸಲಾಯಿತು. ಜನಾಂಗ ಮತ್ತು ಭೂಹಿಡುವಳಿಯ ಆಧಾರದ ಮೇಲಿನ ಈ ಭೇದ ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ಹೂಡಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರ ಸೆಪ್ಟಂಬರಿನಲ್ಲಿ ತಳ್ಳಿಹಾಕಿತು. ಸ್ವಾತಂತ್ರ್ಯಪೂರ್ವದಿಂದ ನಡೆದುಬಂದ ವಾಡಿಕೆಯೂ ಕೊಡವರ ಸೈನಿಕ ಪರಂಪರೆಯೂ ನ್ಯಾಯಾಲಯಕ್ಕೆ ಸಾಕಷ್ಟು ಕಾರಣಗಳಾಗಿ ಕಂಡುವು.

ತೀರ್ಪನ್ನು ಓದಿದಾಗ ನನ್ನ ಮನಸ್ಸು ಸ್ವಲ್ಪ ಹೊತ್ತು ಹಲಗಲಿಯ ಕಡೆಗೆ ಹೋಯಿತು. ಬೇಡರಿಗೂ ವಾಡಿಕೆಯಿತ್ತು, ಪರಂಪರೆಯಿತ್ತು. 1857ರ ನವೆಂಬರಿನಲ್ಲಿ ಅವರು ಹೇಳಿದ್ದೂ ಅದನ್ನೇ. ಕೊಡಗಿನ ಕೋವಿಯನ್ನು ಕೆಳಗಿಳಿಸಬೇಕೆಂದು ನಾನು ಹೇಳುತ್ತಿಲ್ಲ. ಆ ಐನ್‌ಮನೆಯ ಗೋಡೆಯಿಂದ ಅದು ಇಳಿದರೆ ನನಗೂ ಬೇಸರವಾದೀತು. ಆದರೆ ವಾಡಿಕೆಯ ವಾದವನ್ನು ಒಬ್ಬರ ವಿಷಯದಲ್ಲಿ ಒಪ್ಪಿ ಇನ್ನೊಬ್ಬರ ವಿಷಯದಲ್ಲಿ ಬೆಂಕಿಯಿಂದ ಉತ್ತರಿಸಿದ ಲೆಕ್ಕವನ್ನು ಚರಿತ್ರೆಯ ವಿದ್ಯಾರ್ಥಿಯು ಎರಡೂ ಬದಿಗಳಲ್ಲಿ ಬರೆದಿಡಬೇಕಾಗುತ್ತದೆ. ಇದು ನನ್ನ ವೃತ್ತಿಯಿಂದ ಬಂದ ಚಾಳಿಯೂ ಇರಬಹುದು.

ಕೊನೆಗೊಂದು ಬಿನ್ನಹ. 1878ರ ಕಾಯಿದೆಯ ಕಾಲದ ಲೈಸೆನ್ಸು ಪುಸ್ತಕಗಳು, ಕೋವಿಯನ್ನು ಒಪ್ಪಿಸಿದ ರಸೀತಿಗಳು, ಕೊಡಗಿನ ಹಳೆಯ ವಿನಾಯಿತಿ ಪತ್ರಗಳು ನಮ್ಮ ಸದಸ್ಯರ ಊರಿನ ಮನೆಗಳ ಪೆಟ್ಟಿಗೆಗಳಲ್ಲಿ ಇನ್ನೂ ಇರಬಹುದು. ಯಾವ ಕಾರಣಕ್ಕಾಗಿ ಕೋವಿ ಬೇಕೆಂದು ಅರ್ಜಿದಾರನು ಬರೆದನು ಎಂಬ ಒಂದು ಸಾಲು ಅವುಗಳಲ್ಲಿ ಇದ್ದರೆ ಅದು ಈ ವಿಷಯದ ಅಭ್ಯಾಸಕ್ಕೆ ಬಹಳ ಉಪಯುಕ್ತ. ಅಂಥವನ್ನು ಸಂಘದ ಗ್ರಂಥಾಲಯಕ್ಕೆ ತಂದು ತೋರಿಸಿದರೆ ಪ್ರತಿ ಮಾಡಿಕೊಂಡು ಜಾಗರೂಕತೆಯಿಂದ ಹಿಂದಿರುಗಿಸುವ ಹೊಣೆ ನನ್ನದು.